ಬೀರುವಿಗೆ ಅಂಟಿಸಿದ ಮೊದಲ ಸ್ಟಿಕರ್

ದುರ್ಗಾಪೂಜೆಯ ಬೆನ್ನಿಗೇ ಬರುವ ಲಕ್ಷ್ಮೀಪೂಜೆ ಕಳೆದ ಮೇಲಿನ ಮೊದಲ ಸೋಮವಾರ, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ, ನಾನು ಕೋಲ್ಕತ್ತದ ದಕ್ಷಿಣದ ಅಂಚಿನ ಒಂದು ಕಣ್ಣಾಸ್ಪತ್ರೆಯ ಮೊದಲ ಮಹಡಿಯಲ್ಲಿ, ಕುಡಿಯುವ ನೀರಿನ ಫಿಲ್ಟರಿನ ಪಕ್ಕದಲ್ಲಿ ನಿಂತಿದ್ದೆ. ನನ್ನ ಬಲಕ್ಕೆ ಆಪರೇಷನ್ ಥಿಯೇಟರಿನ ಬಾಗಿಲು. ಎದುರಿಗೆ ರೋಗಿಗಳು ಕೂತ ಉದ್ದನೆಯ ಬೆಂಚು. ಎಡಕ್ಕೆ ಸ್ಟಿಕರ್ ಮುದ್ರಿಸುವ ಸಣ್ಣ ಕೋಣೆ. ಆ ಕೋಣೆಯ ಹೊಸ್ತಿಲಲ್ಲಿ, ಆಫೀಸಿನಲ್ಲಿ ನನ್ನ ಮೇಲಿನವರಾದ ಅಕ್ಕ ಒಂಟಿಕಾಲಿನಲ್ಲಿ ನಿಂತಿದ್ದರು. ಆಸ್ಪತ್ರೆಯವರು ಕೊಟ್ಟ ನೀಲಿ ರಬ್ಬರ್ ಚಪ್ಪಲಿ ಅವರಿಗೆ ದೊಡ್ಡದಾಗಿತ್ತು. ಬಲಗಾಲಿನದನ್ನು ಕಳಚಿ, ಆ ಪಾದವನ್ನು ಎಡಗಾಲಿನ ಮೀನಖಂಡಕ್ಕೆ ಒತ್ತಿಕೊಂಡು, ಹೆಬ್ಬೆರಳಿನಿಂದ ಸೀರೆಯ ಅಂಚನ್ನು ಮೆಲ್ಲಗೆ ಉಜ್ಜುತ್ತಿದ್ದರು.

ಹಾಗೆ ನಿಂತರೆ ಅವರು ಏನನ್ನೋ ಯೋಚಿಸುತ್ತಿದ್ದಾರೆ ಎಂದು ನಮ್ಮ ಆಫೀಸಿಗೆಲ್ಲ ಗೊತ್ತಿತ್ತು. "ದಿದಿ ಕೊಕ್ಕರೆ ಆದರು, ಇವತ್ತು ಯಾರ ಪ್ರೋಗ್ರಾಮಿಗೋ ಗ್ರಹಚಾರ" ಎಂದು ಹುಡುಗರು ಪಿಸುಗುಡುತ್ತಿದ್ದರು. ಅವರಿಗೆ ಅದು ಕೇಳಿಸುತ್ತಿತ್ತು. "ಕೊಕ್ಕರಿ ಸುಮ್ಮನ ನಿಂದ್ರೂದಿಲ್ಲ, ಮೀನ ನೋಡತಿರತದ ಅಂತ ಹೇಳು ಅವರಿಗೆ" ಎಂದು ನನಗೆ ಕನ್ನಡದಲ್ಲಿ ಅನ್ನುತ್ತಿದ್ದರು. ಹಿಂದಿಗೆ ತಿರುಗಿಸಿ ಹೇಳುವ ಕೆಲಸ ನನ್ನದು.

ಎಲ್ಲರಿಗೂ ಅವರು ದಿದಿ. ನನಗೊಬ್ಬನಿಗೆ ಅಕ್ಕ. ಧಾರವಾಡದವರು. ಯಜಮಾನರ ರೈಲ್ವೆ ನೌಕರಿಯ ಹಿಂದೆ ಕೋಲ್ಕತ್ತಕ್ಕೆ ಬಂದು, ಸಾಲ್ಟ್ ಲೇಕಿನ ಫ್ಲ್ಯಾಟಿನಲ್ಲಿ ನೆಲೆಸಿ, ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ನಾನು ಮೈಸೂರಿನಿಂದ ಅದೇ ಕಂಪನಿಗೆ ಹೊಸದಾಗಿ ಸೇರಿದ್ದೆ. ಒಂದು ಸಂಜೆ ಝಾಲ್‌ಮುರಿ ಎಂಬ ಖಾರದ ಮಂಡಕ್ಕಿಯ ಗಾಡಿಯ ಹತ್ತಿರ ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಮೈಸೂರೇನಪಾ?"

ಹೌದೆಂದೆ.

"ಅದಕ್ಕ ಇಷ್ಟ ಮೆತ್ತಗ ಮಾತಾಡ್ತೀ. ಹಿಂಗಾದ್ರ ಈ ಊರಿನ ಬಸ್ಸಿನ್ಯಾಗ ನಿನಗ ನಿಂದ್ರಲಿಕ್ಕೂ ಜಾಗಾ ಸಿಗೂದಿಲ್ಲ ತಮ್ಮಾ."

ಮರುವಾರ ನನ್ನನ್ನು ಅವರ ಕೈಕೆಳಗೆ ಹಾಕಿದರು. ಕೇಳಿ ಹಾಕಿಸಿಕೊಂಡರೆಂದು ಆಮೇಲೆ ತಿಳಿಯಿತು.

ನಮ್ಮ ಕೆಲಸ ಹೊರಗಿನವರಿಗೆ ಹೇಳಿದರೆ ಇಷ್ಟೇನಾ ಅನ್ನುವಂಥದು. ಕಪ್ಪು ಪರದೆಯ ಮೇಲೆ ಟೈಪ್ ಮಾಡುವ ಸಣ್ಣ ಕಮಾಂಡುಗಳನ್ನು ನೋಡಿಕೊಳ್ಳುವುದು. ಫೈಲಿನ ಮೊದಲ ಸಾಲು ಬಿಟ್ಟು ಉಳಿದದ್ದನ್ನು ಕೊಡುವ ಕಮಾಂಡು ಒಂದು. ಹೆಸರುಗಳನ್ನು ಅಕ್ಷರದ ಪ್ರಕಾರ ಜೋಡಿಸುವುದು ಇನ್ನೊಂದು. ಎರಡು ಪಟ್ಟಿಗಳನ್ನು ಸಾಲಿಗೆ ಸಾಲು ಪಕ್ಕಪಕ್ಕ ಇಡುವುದು ಮತ್ತೊಂದು. ಇಂಥವುಗಳ ಒಂದು ಕಟ್ಟನ್ನು ನಮ್ಮ ಕಂಪನಿ ಆಸ್ಪತ್ರೆಗಳಿಗೆ, ಗೋದಾಮುಗಳಿಗೆ, ಕಾಲೇಜುಗಳಿಗೆ ಬಹಳ ವರ್ಷಗಳಿಂದ ಕೊಡುತ್ತ ಬಂದಿತ್ತು. ಕೊಂಡವರು ಅವನ್ನು ಒಂದರ ಬಾಲಕ್ಕೆ ಒಂದು ಕಟ್ಟಿ, ತಮಗೆ ಬೇಕಾದ ಹಾಗೆ ಕೆಲಸ ಮಾಡಿಸಿಕೊಳ್ಳುತ್ತಿದ್ದರು.

ಮೊದಲ ಸಾಲು ಬಿಡು ಎಂದು ಹೇಳಲು ಹಳಬರು ಕಮಾಂಡಿನ ಮುಂದೆ ಒಂದು ಅಧಿಕ ಚಿಹ್ನೆ ಹಾಕಿ 'ಎರಡು' ಎಂದು ಬರೆಯುತ್ತಿದ್ದರು. ಎರಡನೆಯ ಸಾಲಿನಿಂದ ಕೊಡು ಎಂದು ಅರ್ಥ. ಅಷ್ಟರಲ್ಲಿ ಇಂಥ ಕಮಾಂಡುಗಳು ಹೇಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮದ ಹೊಸ ಪುಸ್ತಕ ಬಂತು. ಅದರ ಪ್ರಕಾರ ಅಧಿಕ ಚಿಹ್ನೆಯಿಂದ ಶುರುವಾಗುವುದು ಬರೀ ಒಂದು ಫೈಲಿನ ಹೆಸರು. ಸಾಲಿನ ಸಂಖ್ಯೆ ಹೇಳಬೇಕಾದರೆ ಬೇರೆ ರೀತಿ ಬರೆಯಬೇಕು. ಆಗ ನ್ಯೂ ಟೌನಿನಲ್ಲಿ ಗದ್ದೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಹೊರದೇಶದ ಗಿರಾಕಿಗಳು ಬರುತ್ತಿದ್ದರು. ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ನಿಮ್ಮದು ನಿಯಮದ ಪ್ರಕಾರ ಇದೆಯೇ ಎಂದು.

ನಮ್ಮ ಮ್ಯಾನೇಜರ್ ಬಂಗಾಳಿ. ಎಲ್ಲರೂ ದಾದಾ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಹಳೆಯ ಬಗೆಯನ್ನು ಒಂದೇ ಸಲಕ್ಕೆ ಕಿತ್ತು ಹಾಕಬೇಕೆಂಬುದು ಅವರ ವಾದ. ಚಹಾದ ಹೊತ್ತಿನಲ್ಲಿ ಇಬ್ಬರಿಗೂ ಇದೇ ಮಾತು, ಹಿಂದಿಯಲ್ಲಿ.

"ಎರಡೆರಡು ಬಗೆಯನ್ನು ಎಷ್ಟು ದಿನ ಹೊರುತ್ತೀರಿ ದಿದಿ? ನಿಯಮ ಅಂದಮೇಲೆ ನಿಯಮ."

"ನಿಮ್ಮ ಪಾಡಾದಲ್ಲಿ, ನಿಮ್ಮ ಮನೆಯ ಬೀದಿಗೆ ಹೊಸ ಹೆಸರು ಇಟ್ಟರಲ್ಲ ದಾದಾ. ರಿಕ್ಷಾದವನಿಗೆ ಯಾವುದು ಹೇಳುತ್ತೀರಿ?"

"ಹಳೆಯದೇ. ಹೊಸದು ಹೇಳಿದರೆ ಅವನು ನನ್ನನ್ನು ಗಂಗೆಗೆ ಹಾಕಿ ಬರುತ್ತಾನೆ."

"ಮತ್ತೆ?"

"ಆದರೆ ಪತ್ರ ಬರೆಯುವವರಿಗೆ ಹೊಸದೇ ಕೊಡುತ್ತೇನೆ ದಿದಿ. ಇಲ್ಲದಿದ್ದರೆ ಪತ್ರ ಬರುವುದಿಲ್ಲ."

ಅಕ್ಕ ನಕ್ಕರು. ಅವರಿಗೆ ಎದುರಾಳಿಯ ಒಳ್ಳೆಯ ಮಾತು ಇಷ್ಟವಾಗುತ್ತಿತ್ತು. ಕೊನೆಗೆ ರಾಜಿಯಾಯಿತು. ಹೊಸ ಆವೃತ್ತಿ ನಿಯಮದ ಪ್ರಕಾರವೇ ಇರುತ್ತದೆ. ಆದರೆ ಒಂದು ವರ್ಷ ಹಳೆಯ ಬಗೆಯೂ ನಡೆಯುತ್ತದೆ. ಯಾರಾದರೂ ಹಳೆಯ ಬಗೆಯಲ್ಲಿ ಕರೆದರೆ ಕಮಾಂಡು ಅವರ ಕೆಲಸ ಮಾಡಿಕೊಟ್ಟು, ಜೊತೆಗೆ ಒಂದು ಸಾಲಿನ ಎಚ್ಚರಿಕೆ ಹೇಳುತ್ತದೆ: ಇದು ಹಳೆಯ ಬಗೆ, ಮುಂದೆ ನಡೆಯುವುದಿಲ್ಲ. ಆ ಸಾಲನ್ನು ಇಂಗ್ಲಿಷಿನಲ್ಲಿ ಬರೆದವರು ಅಕ್ಕನೇ. ನಾಲ್ಕು ಸಲ ತಿದ್ದಿ, ಒರಟಾಗದಂತೆ ಬರೆದರು.

"ಬಾಗಲಾ ಹಾಕೂಕಿಂತ ಮೊದಲ ಒಂದ ಮಾತು ಹೇಳಬೇಕಪಾ. ಸುಮ್ಮನ ಹಾಕಿದ್ರ ಬಂದ ಮಂದಿ ಹಣಿ ಬಡಕೋತಾರ" ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಕಮಾಂಡಿಗೂ ಎರಡು ಬಾಯಿಗಳಿರುತ್ತವೆ. ಕೆಲಸದ ಫಲ ಒಂದರಿಂದ ಬರುತ್ತದೆ, ದೂರು ಮತ್ತು ಎಚ್ಚರಿಕೆ ಇನ್ನೊಂದರಿಂದ. ಎರಡೂ ಬೆರೆಯಬಾರದೆಂದೇ ಈ ವ್ಯವಸ್ಥೆ. ಅಕ್ಕನ ಸಾಲು ಎರಡನೆಯ ಬಾಯಿಂದಲೇ ಬರುತ್ತಿತ್ತು. ಪುಸ್ತಕದಲ್ಲಿ ಹೇಗಿತ್ತೋ ಹಾಗೆ.

ಏನನ್ನಾದರೂ ಬದಲಾಯಿಸುವ ಮೊದಲು ಬಳಸುವವರ ಪಕ್ಕದಲ್ಲಿ ಹೋಗಿ ಕೂರುವುದು ಅವರ ಪದ್ಧತಿ. ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಜನ ತಾವು ಮಾಡಬೇಕಾದ್ದನ್ನು ಹೇಳುತ್ತಾರೆ, ಮಾಡುವುದನ್ನು ಹೇಳುವುದಿಲ್ಲ ಎನ್ನುತ್ತಿದ್ದರು. ಸುಮ್ಮನೆ ಸ್ಟೂಲಿನ ಮೇಲೆ ಕೂತು, ಬೆರಳುಗಳನ್ನು ನೋಡಿ, ಅವರೊಡನೆ ಚಹಾ ಕುಡಿದು ಬರುತ್ತಿದ್ದರು. ಆ ವರ್ಷ ಎಲ್ಲ ಕಡೆಯೂ ಹಾಗೆ ಹೋದೆವು. ಕಣ್ಣಾಸ್ಪತ್ರೆಗೆ ಹೋದದ್ದು ವಿಶ್ವಕರ್ಮ ಪೂಜೆಯ ದಿನ.

ಆ ದಿನ ಬಂಗಾಳದಲ್ಲಿ ಯಂತ್ರಗಳಿಗೆ ರಜೆ. ನಮ್ಮ ಆಯುಧಪೂಜೆಯ ಹಾಗೆಯೇ. ಕೆಳಗಿನ ಹೆಸರು ಬರೆಸುವ ಕೌಂಟರಿನಲ್ಲಿ ಮಾತ್ರ ಕೆಲಸ ನಡೆದಿತ್ತು. ಅಲ್ಲಿ ಕೂತು ನೋಡಿದೆವು. ಮೇಲೆ ಸ್ಟಿಕರ್ ಕೋಣೆಯಲ್ಲಿ ಪ್ರಿಂಟರಿಗೆ ಚೆಂಡುಹೂವಿನ ಮಾಲೆ, ಮುಚ್ಚಳಕ್ಕೆ ಸಿಂಧೂರ. ಅಲ್ಲಿನ ಸಿಸ್ಟರ್ ನಮಗೆ ಪ್ರಸಾದದ ಹಣ್ಣು ಕೊಟ್ಟು, "ಇವತ್ತು ಇದನ್ನು ಮುಟ್ಟುವ ಹಾಗಿಲ್ಲ ದಿದಿ, ಇನ್ನೊಂದು ದಿನ ಬನ್ನಿ" ಎಂದರು. ಅಕ್ಕ ಮಾಲೆಗೆ ಕೈಮುಗಿದರು. ಕೋಣೆಯ ಕಿಟಕಿಯಿಂದ ಆಕಾಶದ ತುಂಬ ಗಾಳಿಪಟ ಕಾಣುತ್ತಿತ್ತು. ಇನ್ನೊಂದು ದಿನ ಹೋಗುವುದು ಆಗಲಿಲ್ಲ. ದುರ್ಗಾಪೂಜೆ ಬಂತು, ರಜೆ ಬಂತು, ರಜೆಯಲ್ಲೇ ಎಲ್ಲ ಕಡೆ ಹೊಸ ಆವೃತ್ತಿ ಹಾಕಬೇಕೆಂದು ಮೊದಲೇ ತೀರ್ಮಾನವಾಗಿತ್ತು. "ಆ ಒಂದ ಪ್ರಿಂಟರ ನೋಡಿಲ್ಲ ನಾನು" ಎಂದು ರಜೆಯಲ್ಲಿ ಎರಡು ಸಲ ಫೋನು ಮಾಡಿದ್ದರು. ಅದಕ್ಕೇ ಆ ಸೋಮವಾರ ಬೆಳಿಗ್ಗೆ ಆಫೀಸಿಗೂ ಹೋಗದೆ ನೇರ ಅಲ್ಲಿಗೆ ಬಂದೆವು. ಬಸ್ಸಿಗೆ ಜನ ಹೆಚ್ಚಿದ್ದರಿಂದ ತಡವಾಯಿತು. ನಾವು ಮೇಲೆ ಹತ್ತುವ ಹೊತ್ತಿಗೆ ಸ್ಟಿಕರ್‌ಗಳೆಲ್ಲ ಅಚ್ಚಾಗಿ, ರೋಗಿಗಳ ಮಣಿಕಟ್ಟಿನ ಪಟ್ಟಿಗೆ ಅಂಟಿಯೂ ಆಗಿತ್ತು.

ಪ್ರತಿ ಸ್ಟಿಕರಿನಲ್ಲಿ ರೋಗಿಯ ಹೆಸರು, ಯಾವ ಕಣ್ಣು, ಒಳಗೆ ಇಡುವ ಲೆನ್ಸಿನ ನಂಬರು. ಎಡಗಣ್ಣಿಗೆ ಎಲ್, ಬಲಗಣ್ಣಿಗೆ ಆರ್. ಸಿಸ್ಟರ್ ಅದನ್ನು ನೋಡಿ, ಆ ಕಣ್ಣಿನ ಹುಬ್ಬಿನ ಮೇಲೆ ನೀಲಿ ಶಾಯಿಯ ಚುಕ್ಕೆ ಇಟ್ಟು, ಹನಿ ಹಾಕುತ್ತಿದ್ದರು. ಬೆಂಚಿನ ಮೊದಲ ಜಾಗ ಖಾಲಿಯಿತ್ತು. ಅಲ್ಲಿ ಕೂತಿದ್ದವನು, ಬೆಹಾಲಾ ಮಾರುಕಟ್ಟೆಯಲ್ಲಿ ಮೀನು ಮಾರುವವನು, ನಾವು ಮೆಟ್ಟಿಲು ಹತ್ತುತ್ತಿದ್ದಂತೆ ಥಿಯೇಟರಿನ ಒಳಗೆ ಹೋಗಿದ್ದ. ಬಾಗಿಲು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಎರಡನೆಯ ಜಾಗದಲ್ಲಿ ಒಬ್ಬ ಮುದುಕಿ. ಎಲ್ಲರೂ ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರು ಬಂಗಾಳಿಯಲ್ಲಿ ಸಿಸ್ಟರ್ ಜೊತೆ ಜಗಳ ತೆಗೆದಿದ್ದರು.

"ಈ ಎಡಗಣ್ಣು ಹೋದ ಚಳಿಗಾಲದಲ್ಲೇ ಮಾಡಿದಿರಲ್ಲ ಮಾ. ನೀವೇ ಹನಿ ಹಾಕಿದ್ದು."

"ಭಯಕ್ಕೆ ಎಲ್ಲರಿಗೂ ಹಾಗೇ ಅನಿಸುತ್ತೆ ಮಾಶಿಮಾ. ಸುಮ್ಮನೆ ಕೂತುಕೊಳ್ಳಿ."

"ಒಂದೇ ಕಣ್ಣಿಗೆ ಎರಡು ಸಲ ಮಾಡಿದರೆ ಎರಡರಷ್ಟು ಕಾಣುತ್ತಾ? ಹಾಗಾದರೆ ಮಾಡಿ."

ಬೆಂಚಿನ ಮೇಲಿದ್ದವರು ನಕ್ಕರು. ನಾನೂ ನಕ್ಕಿರಬೇಕು. ಅಕ್ಕ ನಗಲಿಲ್ಲ. ಆಗಲೇ ಅವರು ಚಪ್ಪಲಿ ಕಳಚಿ ಒಂಟಿಕಾಲಿನಲ್ಲಿ ನಿಂತದ್ದು.

ಸಿಸ್ಟರ್ ಕೋಣೆಗೆ ಬಂದು ಕೊನೆಯ ಸ್ಟಿಕರಿನ ಮೇಲೆ ಪೆನ್ನಿನಿಂದ ಏನೋ ಬರೆಯತೊಡಗಿದರು. ಅಕ್ಕ ಹಿಂದಿಯಲ್ಲಿ ಕೇಳಿದರು, ಅದೇಕೆ ಕೈಯಲ್ಲಿ ಬರೆಯುತ್ತಿದ್ದೀರಿ ಎಂದು. ಕೊನೆಯದರಲ್ಲಿ ಹೆಸರು ಮಾತ್ರ ಬಂದಿದೆ, ಕಣ್ಣು ನಂಬರು ಬಂದಿಲ್ಲ, ಇಂಕ್ ಮುಗಿದಿರಬೇಕು ಎಂದರು ಸಿಸ್ಟರ್.

"ಮೊದಲನೆಯದು?"

"ಮೊದಲನೆಯದು ಯಾವಾಗಲೂ ಖಾಲಿ ಬರುತ್ತದೆ ದಿದಿ. ರೋಲಿನ ಮೊದಲ ಸ್ಟಿಕರ್ ನಾವು ಬಳಸುವುದೇ ಇಲ್ಲ." ಕೈಯಲ್ಲೇ ಗೋಡೆಯ ಕಡೆ ತೋರಿಸಿದರು. ಅಲ್ಲಿನ ಕಬ್ಬಿಣದ ಬೀರುವಿನ ಬಾಗಿಲಿಗೆ ದಿನಾ ಬೆಳಗಿನ ಮೊದಲ ಸ್ಟಿಕರನ್ನು ಕಿತ್ತು ಅಂಟಿಸುವುದು ಅವರ ರೂಢಿ. ಬೀರುವಿನ ಅರ್ಧ ಬಾಗಿಲು ಅಂಥವುಗಳಿಂದ ತುಂಬಿತ್ತು. ಹಳೆಯವೆಲ್ಲ ಖಾಲಿ. ಅಂದಿನ ಖಾಲಿಯ ಜೊತೆ ಮಾತ್ರ ಇನ್ನೊಂದು ಸೇರಿಕೊಂಡು ಬಂದಿತ್ತು, ಅದರಲ್ಲಿ ಅಕ್ಷರಗಳಿದ್ದವು. ಹೆಸರು ಇರಬೇಕಾದ ಜಾಗದಲ್ಲಿ ಅಕ್ಕನ ಎಚ್ಚರಿಕೆಯ ಮೊದಲ ಎರಡು ಪದ. ಉಳಿದದ್ದು ಸ್ಟಿಕರಿನಲ್ಲಿ ಹಿಡಿಸಿರಲಿಲ್ಲ. ಅದರ ಮುಂದೆ ಎಲ್, ಮತ್ತು ಒಂದು ಲೆನ್ಸಿನ ನಂಬರು.

ಬಹಳ ಹಿಂದೆ ಯಾರೋ ಆ ಕೋಣೆಯಲ್ಲಿ ಕಂಪ್ಯೂಟರ್ ಪರದೆ ಇಲ್ಲವೆಂದು, ದೂರುಗಳೂ ಕಾಗದದ ಮೇಲೇ ಬರಲಿ ಎಂದು, ಕಮಾಂಡಿನ ಎರಡೂ ಬಾಯಿಗಳನ್ನು ಸೇರಿಸಿ ಒಂದೇ ಕೊಳವೆಗೆ ಕಟ್ಟಿದ್ದರು. ಹಳೆಯ ಬಗೆಯಲ್ಲೇ ಮೊದಲ ಸಾಲು ಬಿಡಿಸಿದ ಹೆಸರಿನ ಪಟ್ಟಿ ಒಂದು ಕಡೆಯಿಂದ, ಕಣ್ಣು ಮತ್ತು ಲೆನ್ಸಿನ ಪಟ್ಟಿ ಇನ್ನೊಂದು ಕಡೆಯಿಂದ ಬಂದು ಸಾಲಿಗೆ ಸಾಲು ಕೂಡುತ್ತಿದ್ದವು. ಈಗ ಹೆಸರಿನ ಪಟ್ಟಿಯ ತಲೆಯ ಮೇಲೆ ಎಚ್ಚರಿಕೆ ಬಂದು ಕೂತು, ಎಲ್ಲ ಹೆಸರುಗಳೂ ಒಂದೊಂದು ಸಾಲು ಕೆಳಗೆ ಹೋಗಿದ್ದವು. ಮೀನಿನವನ ಕೈಯಲ್ಲಿ ಮಾಶಿಮಾಳ ಕಣ್ಣು. ಮಾಶಿಮಾಳ ಕೈಯಲ್ಲಿ ಮೂರನೆಯವರ ಕಣ್ಣು. ಇದನ್ನೆಲ್ಲ ನಾನು ಬಿಡಿಸಿಕೊಂಡದ್ದು ಆಮೇಲೆ. ಅಕ್ಕನಿಗೆ ಅದು ತಿಳಿದದ್ದು ಬೀರುವನ್ನು ನೋಡಿದ ಕ್ಷಣದಲ್ಲಿ.

ಎತ್ತಿದ ಕಾಲು ನೆಲಕ್ಕೆ ಬಂತು. "ಒಂದು ಕೆಳಗ ಜಾರ್ಯಾವ" ಎಂದರು, ಯಾರಿಗೂ ಅಲ್ಲ. ಮರುಕ್ಷಣ ಅವರು ನನ್ನ ಮುಂದಿನಿಂದ ಬರಿಗಾಲಲ್ಲಿ ಓಡಿ, ಥಿಯೇಟರಿನ ಬಾಗಿಲಿಗೆ ಅಂಗೈಯಿಂದ ಬಡಿಯುತ್ತಿದ್ದರು. ಇಪ್ಪತ್ತು ವರ್ಷ ಆ ಊರಿನಲ್ಲಿ ಹಿಂದಿ, ಬಂಗಾಳಿ, ಇಂಗ್ಲಿಷ್ ಮಾತಾಡಿದವರು ಆ ಹೊತ್ತಿಗೆ ಮೂರನ್ನೂ ಮರೆತಿದ್ದರು. "ನಿಂದರ್ಸ್ರೀ, ಕೈ ಹಚ್ಚಬ್ಯಾಡ್ರೀ, ಆ ಕಣ್ಣಲ್ಲರೀ ಅದು" ಎನ್ನುತ್ತಿದ್ದರು. ಆ ಕಾರಿಡಾರಿನಲ್ಲಿ ಅದು ಅರ್ಥವಾಗುತ್ತಿದ್ದುದು ನನಗೊಬ್ಬನಿಗೆ. ನಾನು ಹೋಗಿ ಅವರ ಪಕ್ಕದಲ್ಲಿ ನಿಂತು "ಥಾಮಾನ್, ಥಾಮಾನ್" ಎಂದು ಬಂಗಾಳಿಯಲ್ಲಿ ಕೂಗಿದೆ. ನಿಲ್ಲಿಸಿ ಎಂದು.

ಬಾಗಿಲು ತೆರೆಯಿತು. ಡಾಕ್ಟರು ಗ್ಲೌಸ್ ಹಾಕಿದ ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಬಂದರು. ಅಕ್ಕ ಕೈಮಾಡಿದ ಬೀರುವಿನ ಸ್ಟಿಕರನ್ನೂ ಮಾಶಿಮಾ ಕೈಯ ಪಟ್ಟಿಯನ್ನೂ ನೋಡಿ ಸಿಸ್ಟರ್ ವಿಷಯ ಹೇಳಿದರು. ಮೀನಿನವನಿಗೆ ಆಗಬೇಕಾದದ್ದು ಎಡಗಣ್ಣು. ಬಲಗಣ್ಣಿಗೆ ಮರಗಟ್ಟಿಸುವ ಇಂಜೆಕ್ಷನ್ ಆಗಿತ್ತು. ಚಾಕು ತಾಗಿರಲಿಲ್ಲ. ಡಾಕ್ಟರು, "ನಾನು ಕೈ ಹಾಕುವ ಮೊದಲು ಫೈಲ್ ನೋಡುತ್ತೇನೆ. ನೋಡಿಯೇ ನೋಡುತ್ತಿದ್ದೆ" ಎಂದರು.

ನೋಡುತ್ತಿದ್ದರು, ಇರಬಹುದು. ಸಿಸ್ಟರ್ ತಳ್ಳುವ ಟ್ರಾಲಿಯ ಮೇಲೆ ಫೈಲುಗಳ ರಾಶಿಯಿತ್ತು. ಮೀನಿನವನ ಫೈಲು ಅದರಲ್ಲಿತ್ತೋ, ಅವನ ಜೊತೆ ಒಳಗೆ ಹೋಗಿತ್ತೋ, ನಾನು ನೋಡಲಿಲ್ಲ. ನಿಂತಲ್ಲಿಂದ ಎರಡೇ ಹೆಜ್ಜೆ ಮುಂದೆ ಇಟ್ಟಿದ್ದರೆ ಕಾಣುತ್ತಿತ್ತು.

ಮಧ್ಯಾಹ್ನ ಸೆಕ್ಟರ್ ಫೈವ್‌ಗೆ ಬಂದೆವು. ದಾದಾ ವರದಿ ಬರೆಸಲು ಕೂತಿದ್ದರು.

"ದಿದಿ, ನಮ್ಮ ಕಮಾಂಡು ನಿಯಮ ಹೇಳಿದ್ದನ್ನೇ ಮಾಡಿದೆ. ಎರಡನ್ನೂ ಸೇರಿಸಿ ಕಟ್ಟಿದವರು ಅವರು. ಪುಸ್ತಕ ನಮ್ಮ ಕಡೆ ಇದೆ."

"ಇದೆ" ಎಂದರು ಅಕ್ಕ.

"ಹಾಗೆಂದೇ ಬರೆಯೋಣ."

"ಬರೆಯಿರಿ. ಅದರ ಕೆಳಗೆ ಇದನ್ನೂ ಬರೆಯಿರಿ. ರೋಗಿಯ ಹೆಸರಿನ ಜಾಗದಲ್ಲಿ ಬಂದ ಸಾಲು ನಾನು ಬರೆದದ್ದು. ಆ ಕೋಣೆಯನ್ನು ನೋಡದೆ ಬದಲಾವಣೆಗೆ ಒಪ್ಪಿದವಳು ನಾನು."

"ಅದನ್ನು ಬರೆದರೆ ನಿಮ್ಮನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ದಿದಿ. ನಾನು ತಡೆಯಲಾರೆ."

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನಿಯಮ ನಮ್ಮನ್ನ ಕಾಯತದ ತಮ್ಮಾ. ಆ ಮುದುಕೀನ್ನ ಯಾರು ಕಾಯಬೇಕು? ಇದನ್ನ ಹಿಂದಿಯೊಳಗ ಹೇಳು." ನಾನು ಹೇಳಿದೆ. ದಾದಾ ತಲೆತಗ್ಗಿಸಿ ಅವರು ಹೇಳಿದಂತೆಯೇ ಬರೆದುಕೊಂಡರು.

ಅವರನ್ನು ಆ ಕೆಲಸದಿಂದ ತೆಗೆದು ಹೊಸಬರಿಗೆ ಪಾಠ ಹೇಳುವ ಕೋಣೆಗೆ ಹಾಕಿದರು. ಹೋಗುವ ಮೊದಲು ಒಂದು ವಾರ ಕೇಳಿ ಪಡೆದರು. ಆ ಆಸ್ಪತ್ರೆಯ ಯಂತ್ರದಲ್ಲಿ ಮಾತ್ರ, ಇದಿನ್ನೂ ಹಳೆಯ ಕಾಲವೆಂದು ಕಮಾಂಡುಗಳಿಗೆ ಹೇಳುವ ಒಂದು ಸಾಲು ಸೇರಿಸಿದರು. ಅದರಿಂದ ಹಳೆಯ ಬಗೆ ಸದ್ದಿಲ್ಲದೆ ನಡೆಯಿತು. ಆಮೇಲೆ ಸಿಸ್ಟರ್ ಪಕ್ಕ ಸ್ಟೂಲಿನ ಮೇಲೆ ಕೂತು, ಅಲ್ಲಿನ ಒಂದೊಂದು ಕಮಾಂಡನ್ನೂ ಹೊಸ ಬಗೆಗೆ ತಿರುಗಿಸಿ, ದಿನಾ ಸ್ಟಿಕರ್‌ಗಳನ್ನು ಫೈಲಿನೊಂದಿಗೆ ಹೋಲಿಸಿ ನೋಡಿ, ಕೊನೆಗೆ ಆ ಒಂದು ಸಾಲನ್ನೂ ತೆಗೆದರು. ಪಟ್ಟಿ ಕಟ್ಟುವ ಮೊದಲು ರೋಗಿಯ ಬಾಯಿಂದಲೇ ಹೆಸರು ಮತ್ತು ಕಣ್ಣು ಹೇಳಿಸುವುದನ್ನು ಸಿಸ್ಟರ್ ಶುರುಮಾಡಿದ್ದು ಆ ವಾರವೇ. ಮಾಶಿಮಾ ಬಂದಾಗ ಬಲಗಣ್ಣನ್ನು ತೋರಿಸಿ, "ಇದು. ಇದೇ. ಮೂರು ಸಲ ಹೇಳಲಾ?" ಎಂದರಂತೆ.

ನನಗೆ ಅಕ್ಕ ಕಲಿಸಿದ್ದು ಬಹಳ. ದಿನಾ ಕೆಲಸಕ್ಕೆ ಬರುವುದು ಒಂದೇ ಮಾತು: "ಕೇಳಿದ್ದನ್ನ ಮಾಡು, ಇಲ್ಲಂದ್ರ ಅಲ್ಲೇ ನಿಂತ ಬಿಡು. ಮಾಡಕೋತ ಗೊಣಗಬ್ಯಾಡ." ಇದನ್ನು ಅವರು ಕಮಾಂಡುಗಳ ಬಗ್ಗೆ ಹೇಳಿದ್ದು. ಅವರ ಮನೆಯಲ್ಲಿ ರೊಟ್ಟಿ ತಟ್ಟುವಾಗ ಯಜಮಾನರ ಬಗ್ಗೆಯೂ ಹೇಳಿದ್ದನ್ನು ಕೇಳಿದ್ದೇನೆ.

ಆದರೆ ಅವರಿಗೆ ನೆಮ್ಮದಿ ಇರಲಿಲ್ಲ. ಬಸ್ಸಿನಲ್ಲಿ, ಊಟದ ನಡುವೆ, ಯಾರದೋ ಮದುವೆಯ ಪಂಕ್ತಿಯಲ್ಲಿ, ಇದ್ದಕ್ಕಿದ್ದ ಹಾಗೆ ನನ್ನನ್ನು ಕೇಳುತ್ತಿದ್ದರು. "ಆ ಡಾಕ್ಟರು ಫೈಲ್ ನೋಡತಿದ್ದರೇನೋ ತಮ್ಮಾ?" ಖಂಡಿತ ನೋಡುತ್ತಿದ್ದರು ಎಂದು ಯಜಮಾನರು ಹೇಳುತ್ತಿದ್ದರು. ದಾದಾ ಹೇಳುತ್ತಿದ್ದರು. ನಾನು ಪ್ರತಿ ಸಲವೂ "ಗೊತ್ತಿಲ್ಲ ಅಕ್ಕಾ" ಎನ್ನುತ್ತಿದ್ದೆ. ಹಾಗೆ ಅನ್ನುವುದು ಕಷ್ಟವಾಗುತ್ತಿತ್ತು. ಅವರು ಹೂಂ ಎಂದು ಬೇರೆ ಮಾತು ತೆಗೆಯುತ್ತಿದ್ದರು.

ಕೊನೆಯ ಸಲ ಕೇಳಿದ್ದು ಸಾಲ್ಟ್ ಲೇಕಿನ ಒಂದು ಆಸ್ಪತ್ರೆಯ ಮಂಚದ ಮೇಲೆ. ಎದೆಯ ಕಾಯಿಲೆ. ಮಾತು ತುಂಡುತುಂಡಾಗಿ ಬರುತ್ತಿತ್ತು. ಹೊದಿಕೆಯ ಕೆಳಗೆ ಅವರ ಬಲಪಾದ ಎಡಗಾಲಿನ ಮೇಲೆ ಮೆಲ್ಲಗೆ ಉಜ್ಜುತ್ತಿರುವುದು ಕಾಣುತ್ತಿತ್ತು. ಈ ಸಲವಾದರೂ ಹೌದು ಅನ್ನಬೇಕು ಎಂದುಕೊಂಡೇ ಹೋಗಿದ್ದೆ. ಅವರು ಕೇಳಿದಾಗ ಬಾಯಿಗೆ ಬಂದದ್ದು ಹಳೆಯ ಉತ್ತರವೇ.

"ಗೊತ್ತಿಲ್ಲ ಅಕ್ಕಾ. ನಾನು ನೋಡಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. "ಹಂಗ ಹೇಳು" ಎಂದರು. "ಯಾರರೆ ಕೇಳಿದ್ರ ಹಂಗ ಹೇಳು. ಎಲ್ಲಿ ನಿಂತಿದ್ದಿ, ಏನು ಕಂಡಿ, ಏನು ಕಾಣಲಿಲ್ಲ." ಮೂರು ದಿನದ ಮೇಲೆ ತೀರಿಕೊಂಡರು. ನೀಮ್‌ತಲಾ ಘಾಟಿನ ಸ್ಮಶಾನದಲ್ಲಿ ನಾವು ಕನ್ನಡದವರು ಏಳೆಂಟು ಜನ ಇದ್ದೆವು. ಅವರ ಕೈಯಲ್ಲಿ ಪಾಠ ಕಲಿತವರು ಎಷ್ಟು ಜನ ಬಂದಿದ್ದರೋ, ಮೆಟ್ಟಿಲಿನ ಮೇಲೆ ಜಾಗವಿರಲಿಲ್ಲ.

ಅದಕ್ಕೇ ಹೀಗೆ ಬರೆದೆ. ನೀರಿನ ಫಿಲ್ಟರಿನ ಪಕ್ಕದಿಂದ ಕಂಡದ್ದು ಇಷ್ಟು. ಅದನ್ನು ನೋಡಿದವರಲ್ಲಿ ಮಾಶಿಮಾ ಈಗಿಲ್ಲ. ಡಾಕ್ಟರು ಎಲ್ಲಿದ್ದಾರೆಂದು ತಿಳಿಯದು. ಸಿಸ್ಟರ್ ಇದ್ದಾರೆ, ನಿವೃತ್ತರಾಗಿ ಮಗಳ ಮನೆಯಲ್ಲಿ. ಕೇಳಿದರೆ ಬೀರುವಿನ ವಿಷಯ ಹೇಳುತ್ತಾರೆ. ಮೀನು ಮಾರುವವನೂ ಇದ್ದಾನೆ. ಅವನಿಗೆ ಆ ಬೆಳಗಿನ ನೆನಪೆಂದರೆ ಬಾಗಿಲು ಬಡಿದ ಸದ್ದು ಮತ್ತು ತಿಳಿಯದ ಭಾಷೆಯಲ್ಲಿ ಒಬ್ಬ ಹೆಂಗಸಿನ ಕೂಗು. ನಾನು ಮೀನು ತಿನ್ನುವವನಲ್ಲ. ಆದರೂ ಆಗಾಗ ಬೆಹಾಲಾ ಮಾರುಕಟ್ಟೆಯ ಕಡೆ ಹೋಗುತ್ತೇನೆ. ಆ ತುದಿಯ ತಿರುವಿನಲ್ಲಿ ನಾನು ಕಾಣಿಸಿಕೊಂಡ ಕೂಡಲೇ, ಅಷ್ಟು ಜನರ ನಡುವೆ, ಅವನು ಕೂತಲ್ಲಿಂದಲೇ ಗುರುತು ಹಿಡಿದು ಕೈ ಎತ್ತುತ್ತಾನೆ.